ಬಾಯಲ್ಲೇ ಉಳಿದ ‘ಲ್ಲ’

ನೀರಿನ ಆಫೀಸಿನ ಮ್ಯಾನೇಜರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆಫೀಸಿನವರು ಇಟ್ಟದ್ದು ‘ಗೊತ್ತು ಸಾಹೇಬರು’ ಅಂತ. ಯಾರು ಏನು ಹೇಳಲು ಬಾಯಿ ತೆರೆದರೂ ಮಾತು ಮುಕ್ಕಾಲು ದಾಟುವಷ್ಟರಲ್ಲಿ ಅವರು ‘ಗೊತ್ತು’ ಅನ್ನುತ್ತಿದ್ದರು. ಹಿಂದಿನ ಬೀದಿಯಲ್ಲಿ ಪೈಪು ಒಡೆದದ್ದೂ ಅವರಿಗೆ ಗೊತ್ತು, ಅದನ್ನು ಹೇಳಲು ಬಂದವನ ಹೊಟ್ಟೆನೋವೂ ಗೊತ್ತು. ಗುಮಾಸ್ತನ ಹೆಂಡತಿಗೆ ಹೆರಿಗೆಯಾದಾಗ ಅವನು ಓಡಿಬಂದು, “ಸಾರ್, ಗಂಡಾಗುತ್ತೆ ಅಂತಿದ್ರು, ಆದ್ರೆ…” ಅಂದಿದ್ದ. “ಗೊತ್ತು, ಗೊತ್ತು, ಬಹಳ ಸಂತೋಷ” ಎಂದು ಸಾಹೇಬರು ಅವನ ಬೆನ್ನು ತಟ್ಟಿ ಕಳಿಸಿದರು. ಆ ಹೆಣ್ಣುಮಗು ಈಗ ಮೂರನೇ ಕ್ಲಾಸು. ಸಾಹೇಬರು ಇವತ್ತಿಗೂ ಗುಮಾಸ್ತನನ್ನು ಕಂಡರೆ, “ಮಗ ಚೆನ್ನಾಗಿ ಓದ್ತಿದಾನೆ, ಗೊತ್ತು” ಅನ್ನುತ್ತಾರೆ. ಗುಮಾಸ್ತ ತಲೆಯಾಡಿಸುತ್ತಾನೆ. ಇಲ್ಲದ ಮಗನೊಬ್ಬ ಆ ಆಫೀಸಿನಲ್ಲಿ ವರ್ಷ ವರ್ಷ ಪಾಸಾಗುತ್ತಲೇ ಇದ್ದ.

ನಗುವ ವಿಷಯವೇ. ಎಲ್ಲರೂ ನಗುತ್ತಿದ್ದರು, ಊರಿಗೆ ನೀರು ಬಿಡುವ ವಾಲ್ವಕ್ಕನೂ ನಗುತ್ತಿದ್ದಳು. ಆದರೆ ಕನ್ನಡದ ಸ್ವಭಾವ ಒಂದಿದೆ. ಹೌದೋ ಅಲ್ಲವೋ, ಇದೆಯೋ ಇಲ್ಲವೋ, ಎಲ್ಲ ಬಂದು ಕೂರುವುದು ಮಾತಿನ ಕಟ್ಟಕಡೆಯಲ್ಲಿ. ಕೊನೆಯ ಅಕ್ಷರ ಬಾಯಿಂದ ಬೀಳುವತನಕ ಏನು ಹೇಳಿದರು ಅಂತ ಹೇಳಲಾಗದು. ಅದಕ್ಕೆ ಮೊದಲೇ ಎದ್ದುಹೋಗುವವನಿಗೆ ಪ್ರಪಂಚದಲ್ಲಿ ‘ಇಲ್ಲ’ ಅನ್ನುವುದೇ ಕೇಳಿಸುವುದಿಲ್ಲ. ಗೊತ್ತು ಸಾಹೇಬರಿಗೆ ಹನ್ನೊಂದು ವರ್ಷದಿಂದ ಯಾರೂ ‘ಇಲ್ಲ’ ಅಂದಿರಲಿಲ್ಲ. ಅಂದಿದ್ದರು, ಕೇಳಿಸಿರಲಿಲ್ಲ.

ವಾಲ್ವಕ್ಕ ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿನವಳು. ಅವಳಪ್ಪ ಅಲ್ಲೇ ವಾಲ್ವ್‌ಮ್ಯಾನ್ ಆಗಿದ್ದ. ಕೆಲಸದಲ್ಲಿರುವಾಗಲೇ ತೀರಿಕೊಂಡ, ಆ ಕೆಲಸ ಮಗಳಿಗೆ ಬಂತು. ಹೆಣ್ಣನ್ನು ವಾಲ್ವ್‌ಮ್ಯಾನ್ ಅನ್ನುವುದು ಹೇಗೆ ಎಂದು ಒಂದು ವಾರ ತಲೆ ಕೆಡಿಸಿಕೊಂಡ ಊರು ಕೊನೆಗೆ ‘ವಾಲ್ವಕ್ಕ’ ಅಂತ ತೀರ್ಮಾನ ಮಾಡಿತು. ಯಾವ ಬೀದಿಗೆ ಯಾವ ಹೊತ್ತಿಗೆ ನೀರು, ಯಾವ ಚಕ್ರ ಎಷ್ಟು ಸುತ್ತು ತಿರುಗಿಸಿದರೆ ಬಿಗಿಯುತ್ತದೆ ಎಂಬುದು ಅವಳ ಅಂಗೈಯಲ್ಲೇ ಇತ್ತು. ಅಂಗೈ ಮಾತ್ರ ಕಲ್ಲಿನ ಹಾಗಾಗಿತ್ತು.

ಸಾಹೇಬರ ಬಗ್ಗೆ ಅವಳಿಗೆ ದೊಡ್ಡ ಗೌರವವೇ ಇತ್ತು, ಅದನ್ನು ಮುಚ್ಚಿಡುವುದು ಯಾಕೆ. ಅವರು ಬರುವ ಮುಂಚೆ ಗುಡ್ಡದ ಆಚೆಯ ಬೀದಿಗಳ ಹೆಂಗಸರು ಮೂರು ದಿನಕ್ಕೊಮ್ಮೆ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು. ಸಾಹೇಬರು ಬಂದ ಎರಡನೇ ವರ್ಷಕ್ಕೆ ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ಮೊದಲ ಸಲ ಅವಳು ‘ಗೊತ್ತು’ ಕೇಳಿದ್ದೂ ಒಂದು ಒಳ್ಳೆಯ ದಿನವೇ. ಶಾಲೆಯ ಹಿಂದೆ ಪೈಪು ಸೋರುತ್ತಿದೆ ಎಂದು ಹೇಳಲು ಏದುಸಿರು ಬಿಡುತ್ತ ಹೋದರೆ ಸಾಹೇಬರು ಆಗಲೇ ಮೊಣಕಾಲಿನವರೆಗೆ ಕೆಸರಲ್ಲಿ ನಿಂತಿದ್ದರು. “ಗೊತ್ತಮ್ಮ” ಎಂದು ನಕ್ಕಿದ್ದರು. ಆವತ್ತು ಅದು ನಿಜವಾಗಿಯೂ ಗೊತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅವರಿಗೆ ಗೊತ್ತೇ ಇರುತ್ತಿತ್ತು. ಕೆಟ್ಟದ್ದೇ ಅಲ್ಲಿ. ಹತ್ತರಲ್ಲಿ ಒಂಬತ್ತು ಸಲ ತಪ್ಪುವವನು ಯಾರ ಮಾತಾದರೂ ಕೇಳುತ್ತಾನೆ.

ಆರು ತಿಂಗಳಿಗೊಮ್ಮೆ ಟ್ಯಾಂಕು ಖಾಲಿ ಮಾಡಿ ತೊಳೆಯುತ್ತಾರೆ. ನಾಲ್ಕು ಜನ ಬ್ರಷ್ಷು ಬಕೆಟ್ಟು ಹಿಡಿದು, ಮೇಲಿನ ದುಂಡನೆ ಬಾಯಿಯಿಂದ ಕಬ್ಬಿಣದ ಏಣಿಯಲ್ಲಿ ಒಳಗಿಳಿಯುತ್ತಾರೆ. ಇಳಿಯುವವರು ಚಪ್ಪಲಿಯನ್ನು ಬಾಯಿಯ ಪಕ್ಕದಲ್ಲಿ ಬಿಡಬೇಕು, ಹತ್ತಿಬಂದವರು ತಮ್ಮದನ್ನು ಮೆಟ್ಟಿಕೊಳ್ಳಬೇಕು. ಇದು ಅಪ್ಪನ ಕಾಲದ ಲೆಕ್ಕ. ಚಪ್ಪಲಿ ಉಳಿದಿದ್ದರೆ ಮನುಷ್ಯ ಒಳಗಿದ್ದಾನೆ. ಕೊನೆಯ ಚಪ್ಪಲಿ ಎದ್ದುಹೋಗುವತನಕ ಒಳಹರಿವಿನ ವಾಲ್ವ್ ಮುಚ್ಚಿರಬೇಕು ಎಂಬುದೂ ಅಪ್ಪನದೇ.

ಈ ಸಲ ತೊಳೆಯುವ ದಿನವೇ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಹನ್ನೊಂದು ಗಂಟೆಗೆ ಬಂದು, ತೊಳೆದ ಟ್ಯಾಂಕಿಗೆ ನೀರು ಧುಮುಕುವುದನ್ನು ನೋಡಿ, ಕೈಕುಲುಕಿ ಹೋಗುವುದು. ಅದಾದರೆ ಸಾಹೇಬರು ಹತ್ತಾರು ಊರುಗಳ ನೀರಿಗೆ ಮುಖ್ಯಸ್ಥರು. ಕುರ್ಚಿ ಕಾಯುತ್ತಿದೆ ಎಂದು ಆಫೀಸಿಗೆಲ್ಲ ಗೊತ್ತಿತ್ತು. ಬೆಳಗ್ಗೆಯೇ ಸಾಹೇಬರು ಫೋನ್ ಮಾಡಿ ಅಂದರು, “ನೀರು ಒಳಗೆ ಬರೋ ವಾಲ್ವ್ ಈಗ್ಲೇ ತೆಗೆದಿಟ್ಬಿಡು. ಕೆಳಗಡೆ ಪಂಪ್ ನಾನೇ ಹಾಕ್ತೀನಿ. ಟೈಮ್ ಉಳಿಯುತ್ತೆ.”

“ಸಾರ್, ಒಳಗೆ ಜನ ಇರೋವಾಗ ಹಾಗೆ ಮಾಡೋದು…”

“ಗೊತ್ತಮ್ಮ. ಪಂಪ್ ನನ್ನ ಕೈಯಲ್ಲೇ ಇರುತ್ತಲ್ಲ.”

‘ಸರಿಯಲ್ಲ’ ಅನ್ನುವುದು ಅವಳ ಬಾಯಲ್ಲೇ ಉಳಿಯಿತು. ಅವಳು ಕೆಳಗಿಳಿದು ಮೂವತ್ತೆರಡು ಸುತ್ತು ತಿರುಗಿಸಿ ವಾಲ್ವ್ ತೆಗೆದಳು. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಹತ್ತೂ ಇಪ್ಪತ್ತಕ್ಕೆ ಮೂವರು ಹತ್ತಿಬಂದು ಚಪ್ಪಲಿ ಮೆಟ್ಟಿಕೊಂಡರು. ಉಳಿದದ್ದು ಮೀಸೆಯ ಚಪ್ಪಲಿ. ಮೀಸೆ ಅಂದರೆ ಆ ನಾಲ್ವರಲ್ಲಿ ಹಿರಿಯವನು. ಇಪ್ಪತ್ತು ವರ್ಷದಿಂದ ತೊಳೆಯುವ ಕೆಲಸ, ಅವನ ಮೀಸೆ ನೋಡಿದವರು ಅವನ ಹೆಸರು ಕೇಳುತ್ತಿರಲಿಲ್ಲ. “ಇನ್ನೊಂದು ಮೂಲೆ ಇದೆ, ಪಾಚಿ ಬಿಟ್ಟು ಬಂದ್ರೆ ನಿದ್ದೆ ಬರಲ್ಲ ನಂಗೆ” ಎಂದು ಕೆಳಗಿನಿಂದ ಅವನ ದನಿ ಗುಂಯ್‌ಗುಟ್ಟಿತು. ಅಷ್ಟರಲ್ಲಿ ಫೋನು.

“ಪಂಪ್ ಹಾಕ್ತಿದೀನಿ” ಅಂದರು ಸಾಹೇಬರು.

“ಸಾರ್, ಎಲ್ಲರೂ ಮೇಲೆ ಬಂದಿ…”

“ಗೊತ್ತು, ಗೊತ್ತು.” ಫೋನು ಕಟ್ಟಾಯಿತು.

ಅವಳು ಕೂಡಲೇ ಮತ್ತೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಪಂಪು ಶುರುವಾದರೆ ಕೆಳಗಿನ ಪಂಪಿನ ಕೋಣೆಯಲ್ಲಿ ಸಿಡಿಲು ಬಡಿದರೂ ಕೇಳಿಸದು. “ಹಗ್ಗ ಬಿಡ್ರೋ ಒಳಗೆ” ಎಂದು ಮೂವರಿಗೆ ಕೂಗಿ, ಹದಿನೆಂಟು ಮೆಟ್ಟಿಲನ್ನು ಹೇಗೆ ಇಳಿದಳೋ, ವಾಲ್ವಿನ ಗುಂಡಿಗೆ ಹಾರಿದಳು. ಕಾಲ ಕೆಳಗೆ ಪೈಪು ನಡುಗತೊಡಗಿತ್ತು. ಒಂದು, ಎರಡು, ಮೂರು. ಹತ್ತನೇ ಸುತ್ತಿಗೆ ಮೇಲಿನಿಂದ ಮೀಸೆಯ ಕೂಗು ಕೇಳಿಸಿತು. ಇಪ್ಪತ್ತನೆಯದಕ್ಕೆ ಕೂಗು ನಿಂತಿತು. ಅದು ಕೂಗಿಗಿಂತ ಕೆಟ್ಟದಾಗಿತ್ತು. ಮೂವತ್ತೆರಡಕ್ಕೆ ಚಕ್ರ ಬಿಗಿಯಿತು, ಅವಳ ಅಂಗೈ ಸುಲಿದಿತ್ತು.

ಮೀಸೆ ಬದುಕಿದ. ನೀರು ಅವನನ್ನು ಎತ್ತಿ ಕಂಬಕ್ಕೆ ಬಡಿದಿತ್ತು. ತೊಡೆಯ ಮೂಳೆ, ಎರಡು ಪಕ್ಕೆಲುಬು. ಇನ್ನು ಹತ್ತು ಸುತ್ತು ತಡವಾಗಿದ್ದರೆ ಈ ಕತೆ ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಟ್ಯಾಂಕಿನ ಬಾಯಿಯ ಪಕ್ಕ ಉಳಿದ ಚಪ್ಪಲಿಗಳನ್ನು ವಾಲ್ವಕ್ಕ ಒಂದು ಚೀಲದಲ್ಲಿ ಹಾಕಿಕೊಂಡಳು.

ಮೂರನೇ ದಿನ ಸಾಹೇಬರು ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಮೇಲೆ ಅವಳ ಹೆಸರು, ಕೆಳಗೆ ಸಹಿಗೆ ಜಾಗ, ನಡುವೆ ಅವಳು ಹೇಳಿದ್ದಳಂತೆ ಅನ್ನುವ ಮಾತು. ‘ಎಲ್ಲರೂ ಮೇಲೆ ಬಂದಿದ್ದಾರೆ ಎಂದು ನಾನು ಫೋನಿನಲ್ಲಿ ತಿಳಿಸಿದೆನು. ನಂತರ ಸದರಿ ಕೆಲಸಗಾರನು ಯಾರಿಗೂ ಹೇಳದೆ ಮತ್ತೆ ಒಳಗೆ ಇಳಿದನು.’

ಅವಳು ಎರಡು ಸಲ ಓದಿದಳು. ಇದಕ್ಕೆ ಸಹಿ ಬಿದ್ದರೆ ತಪ್ಪು ಮೀಸೆಯದಾಗುತ್ತದೆ. ಮುರಿದ ಕಾಲಿನ ಜೊತೆ ಕೆಲಸವೂ ಹೋಗುತ್ತದೆ. “ಸಾರ್, ನಾನು ಹೇಳಿದ್ದು…”

“ಗೊತ್ತಮ್ಮ. ನೀನು ಬಂದಿದಾರೆ ಅಂದೆ, ನಾನು ಪಂಪ್ ಹಾಕ್ದೆ. ಇಷ್ಟೇ ನಡೆದದ್ದು. ನಿಂಗೂ ಏನೂ ಆಗಲ್ಲ, ನಂಗೂ ಏನೂ ಆಗಲ್ಲ. ನಾಡಿದ್ದು ವಿಚಾರಣೆ. ಸಹಿ ಹಾಕಿ ತಗೊಂಡು ಬಾ.”

ಅವಳು ಅವರ ಮುಖವನ್ನೇ ನೋಡಿದಳು. ಅಲ್ಲಿ ಕಪಟ ಕಾಣಿಸಲಿಲ್ಲ. ಆ ಮನುಷ್ಯನ ಕಿವಿಯಲ್ಲಿ ನಿಜವಾಗಿಯೂ ‘ಬಂದಿದಾರೆ’ ಅಂತಲೇ ಇತ್ತು. ಉಳಿದ ಅರ್ಧವನ್ನು ಅವರೇ ಹೇಳಿಕೊಂಡು ಅವರೇ ಕೇಳಿಸಿಕೊಂಡಿದ್ದರು. ಸುಳ್ಳು ಹೇಳುತ್ತಿದ್ದರೆ ಮನಸಾರೆ ಶಾಪ ಹಾಕಿ ಹಗುರಾಗಬಹುದಿತ್ತು. ಇಂಥವರನ್ನು ಏನು ಮಾಡುವುದು? ಅವಳಿಗೆ ಸಿಟ್ಟಿನಿಂದ ಕಣ್ಣು ತುಂಬಿ ಬಂತು, ಅಳು ಅಂತ ಅವರು ತಿಳಿದುಕೊಂಡು, “ಗೊತ್ತು, ನಿಂಗೂ ಗಾಬರಿಯಾಗಿದೆ” ಅಂದರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದಳು. ಮೀಸೆಯ ಕಾಲನ್ನು ತೂಗುಹಾಕಿದ್ದರು. ಚಪ್ಪಲಿಯ ಚೀಲವನ್ನು ಮಂಚದ ಕೆಳಗಿಟ್ಟರೆ, “ಸದ್ಯಕ್ಕೆ ಒಂದು ಸಾಕು ನಂಗೆ. ಇನ್ನೊಂದು ನೀನಿಟ್ಕೋ, ಯಾರಿಗಾದ್ರೂ ಬೇಕಾಗಬಹುದು” ಅಂದ. ಅವಳು ಹಾಳೆ ಓದಿ ಹೇಳಿದಳು.

“ನಾನು ಮತ್ತೆ ಇಳಿದ್ನಂತಾ?” ಅಂದ ಅವನು. “ಆ ಏಣಿ ಒಂದ್ಸಲ ಹತ್ತಿದ್ರೆ ನನ್ನ ಮೊಣಕಾಲು ಎರಡು ದಿನ ನನ್ನ ಹತ್ರ ಮಾತಾಡಲ್ಲ. ಎರಡೆರಡು ಸಲ ಇಳಿಯೋಕೆ ನಂಗೇನು ಹುಚ್ಚಾ.” ಅವಳ ಕಡೆ ತಲೆ ಹೊರಳಿಸಿದ. “ನೀನು ಹಾಕ್ತೀಯೇನವ್ವ ಸಹಿ? ಹಾಕಿದ್ರೂ ನಾನು ಬೈಯಲ್ಲ. ಬೇಗ ಹೇಳ್ಬಿಡು ಅಷ್ಟೆ.”

ಅವಳು ಏನೂ ಹೇಳಲಿಲ್ಲ. ಅದಕ್ಕಾಗಿ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಮನೆಯ ಮುಂದಿನ ಕೋಣೆಯೇ ಗಂಡನ ಟೈಲರಿಂಗ್ ಅಂಗಡಿ. ಸಂಜೆಯ ಬೆಳಕಲ್ಲಿ ಅವನು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದ. ಅತ್ತೆ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಿದ್ದರು. ಹಾಳೆ ಕೈಯಿಂದ ಕೈಗೆ ಹೋಯಿತು. ಗಂಡ ಕನ್ನಡಕ ಹಣೆಗೇರಿಸಿದ.

“ಸಹಿ ಹಾಕದಿದ್ರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದಾ?”

“ಬರಬಹುದು. ವಾಲ್ವ್ ಮೊದಲೇ ತೆಗೆದಿಟ್ಟೋಳು ನಾನೇ ಅಲ್ವಾ. ಅದನ್ನೂ ಹೇಳ್ಬೇಕಾಗುತ್ತೆ.”

“ಹಾಕು ಅನ್ಲೋ, ಬೇಡ ಅನ್ಲೋ, ನಂಗೊತ್ತಾಗ್ತಿಲ್ಲ ಕಣೇ” ಅಂದ ಅವನು.

ನಂಗೊತ್ತಾಗ್ತಿಲ್ಲ. ಆ ಒಂದು ಮಾತಿಗೆ ವಾಲ್ವಕ್ಕನಿಗೆ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಇಷ್ಟು ಚಂದದ ಮಾತು ಅವನು ಯಾವತ್ತೂ ಆಡಿರಲಿಲ್ಲ ಅನ್ನಿಸಿತು.

ಅತ್ತೆ ಗುಂಡಿಗಳಿಂದ ತಲೆಯೆತ್ತಲಿಲ್ಲ. “ನೀನು ಆವತ್ತು ಪೂರ್ತಿ ಯಾಕೆ ಹೇಳ್ಲಿಲ್ಲ?”

“ಹೇಳ್ತಿದ್ದೆ ಅತ್ತೆ. ಅವರು ಗೊತ್ತು ಅಂದ್ರು.”

“ಅವರು ಗೊತ್ತು ಅಂದ್ರೆ ನಿನ್ನ ನಾಲಿಗೆ ಯಾಕೆ ನಿಲ್ಬೇಕು? ಅದೇನು ನಲ್ಲಿನಾ, ಅವರು ತಿರುಗಿಸಿದ ಹಾಗೆ ನಿಲ್ಲೋಕೆ?”

ಅತ್ತೆಯ ಮಾತು ನೇರವಾಗಿ ಹೋಗಿ ತಾಕಬೇಕಾದಲ್ಲಿ ತಾಕಿತು. ಫೋನು ಕಟ್ಟಾದದ್ದು ಆವತ್ತು ಒಂದು ದಿನ. ಬಾಯಿ ಕಟ್ಟಾದದ್ದು ಹನ್ನೊಂದು ವರ್ಷ. ಸಾಹೇಬರ ‘ಗೊತ್ತು’ ಬರುವ ಜಾಗ ಎಲ್ಲರಿಗೂ ಅಭ್ಯಾಸವಾಗಿ, ಅಲ್ಲಿಗೆ ತಾವಾಗಿಯೇ ಉಸಿರು ಹಿಡಿಯುತ್ತಿದ್ದರು. ಆ ಆಫೀಸಿನಲ್ಲಿ ಯಾರ ಮಾತಿಗೂ ಬಾಲವೇ ಇರಲಿಲ್ಲ. ಗುಮಾಸ್ತ ತನ್ನ ಸ್ವಂತ ಮಗಳನ್ನು ಮಗ ಮಾಡಿಕೊಂಡು ಓಡಾಡುತ್ತಿದ್ದ. ಒಬ್ಬ ದೊಡ್ಡವರನ್ನು ಇಷ್ಟು ಜನ ಸೇರಿ ಕಿವುಡು ಮಾಡಿದ್ದರು. ಅದರಲ್ಲಿ ತನ್ನ ಪಾಲೂ ಇದೆ ಎಂದು ವಾಲ್ವಕ್ಕನಿಗೆ ಹೊಳೆದದ್ದು ಅಲ್ಲಿ, ಗುಂಡಿಗಳ ನಡುವೆ.

ವಿಚಾರಣೆಗೆ ಬಂದದ್ದು ಹೊರಗಿನ ಒಬ್ಬ ಮೇಡಂ. ವಯಸ್ಸಾದವರು, ನಿಧಾನಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಮುಗಿದರೂ ಇನ್ನೊಂದು ಕ್ಷಣ ಪೆನ್ನು ಎತ್ತಿ ಹಿಡಿದೇ ಕಾಯುತ್ತಿದ್ದರು, ಇನ್ನೇನಾದರೂ ಉಳಿದಿದೆಯೇನೋ ಅಂತ. ಸಾಹೇಬರು ಮೇಜಿನ ಇನ್ನೊಂದು ಬದಿಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನೆಟ್ಟಗೆ ಕೂತಿದ್ದರು. ತಾವು ಏನನ್ನೂ ಮುಚ್ಚಿಡುತ್ತಿಲ್ಲ ಎಂಬ ಧೈರ್ಯ ಅವರ ಮುಖದಲ್ಲೇ ಇತ್ತು. ಗುಮಾಸ್ತ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ. ವಾಲ್ವಕ್ಕ ಮಡಿಸಿದ ಹಾಳೆಯನ್ನು ಮೇಡಂ ಮುಂದಿಟ್ಟಳು.

“ಇದು ನಿಮ್ಮ ಹೇಳಿಕೆನಾ?” ಅಂದರು ಮೇಡಂ.

ಏನಾದರಾಗಲಿ, ಇವತ್ತು ಜಪ್ಪಯ್ಯ ಅಂದರೂ ಮಧ್ಯದಲ್ಲಿ ನಿಲ್ಲಿಸುವುದಿಲ್ಲ ಎಂದು ಅವಳು ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದಳು. ಆದರೆ ಹನ್ನೊಂದು ವರ್ಷದ ನಾಲಿಗೆ. “ಮೇಡಂ, ಇದಕ್ಕೆ ನಾನು ಸಹಿ ಹಾಕಿ…” ಅನ್ನುವಷ್ಟರಲ್ಲಿ ಹಳೆಯ ಜಾಗದಲ್ಲಿ ತಾನಾಗಿ ಉಸಿರು ನಿಂತಿತು.

“ಗೊತ್ತು ಮೇಡಂ, ಹಾಕಿದಾಳೆ” ಅಂದರು ಸಾಹೇಬರು. “ನಾನೇ ಓದಿಸಿ ಕೊಟ್ಟಿದ್ದು. ಮುಂದಿನದಕ್ಕೆ ಹೋಗೋಣ.”

ಮೇಡಂ ಹಾಳೆ ಬಿಚ್ಚಿದರು. ಕೆಳಗಡೆ ನೋಡಿದರು. ತಿರುಗಿಸಿ ಹಿಂಬದಿಯೂ ನೋಡಿದರು. ಆಮೇಲೆ ಹಾಳೆಯನ್ನು ಸಾಹೇಬರ ಕಡೆಗೆ ಸರಿಸಿದರು. ಸಹಿಯ ಜಾಗ ಬೋಳಾಗಿತ್ತು.

“…ಲ್ಲ” ಅಂದಳು ವಾಲ್ವಕ್ಕ.

ಮೇಡಂ ಪೆನ್ನು ಎತ್ತಿ ಹಿಡಿದು ಕಾದರು.

“ಹಾಕಿಲ್ಲ ಮೇಡಂ. ಹಾಕೋದೂ ಇಲ್ಲ. ಆವತ್ತು ಫೋನಲ್ಲಿ ನಡೆದದ್ದೂ ಹೀಗೇನೆ, ಈಗ ನೀವೇ ಕಣ್ಣಾರೆ ನೋಡಿದ್ರಿ. ಎಲ್ಲರೂ ಮೇಲೆ ಬಂದಿ ಅನ್ನೋದ್ರಲ್ಲಿ ಸಾರ್ ಗೊತ್ತು ಅಂದ್ರು. ಲ್ಲ ಅನ್ನೋದು ನನ್ನ ಬಾಯಲ್ಲೇ ಉಳೀತು. ಮೀಸೆ ಚಪ್ಪಲಿ ನನ್ನ ಕಣ್ಣೆದುರಿಗೇ ಇತ್ತು. ಅವನು ಮತ್ತೆ ಇಳಿದಿಲ್ಲ, ಹತ್ತಿರಲೇ ಇಲ್ಲ.” ಅವಳು ಉಸಿರೆಳೆದುಕೊಂಡಳು. “ಇನ್ನೊಂದೂ ಬರ್ಕೊಳ್ಳಿ. ಒಳಗೆ ಜನ ಇರೋವಾಗ ವಾಲ್ವ್ ತೆಗೆದಿಟ್ಟದ್ದು ನಾನು. ಸಾರ್ ಹೇಳಿದ್ರು, ನಾನು ತೆಗೆದೆ. ತೆಗೀಬಾರ್ದಿತ್ತು. ಅದು ನನ್ನ ತಪ್ಪು. ಅದಕ್ಕೇನು ಶಿಕ್ಷೆನೋ ಕೊಡಿ, ತಗೋತೀನಿ. ಮೀಸೆ ತಲೆಗೆ ಕಟ್ಟೋದು ಮಾತ್ರ ನಾನು ನಿಂತಿರೋವರೆಗೂ ಆಗಲ್ಲ.”

“ನೋಡಿ ಮೇಡಂ, ಇವಳು ಏನು ಹೇಳ್ತಿದಾಳೆ ಅಂದ್ರೆ…” ಎಂದು ಸಾಹೇಬರು ಶುರುಮಾಡಿದರು.

“ಏನು ಹೇಳ್ತಿದಾರೆ ಅಂತ ಕೇಳಿಸ್ತು” ಅಂದರು ಮೇಡಂ, ಬರೆಯುತ್ತಲೇ. “ನಿಮಗೆ ಕೇಳಿಸ್ತಾ?”

ಸಾಹೇಬರ ಮುಖ ಕಪ್ಪಿಟ್ಟಿತು. ಬಾಗಿಲ ಬಳಿ ಗುಮಾಸ್ತ ಗಂಟಲು ಸರಿಮಾಡಿಕೊಂಡ. “ಸಾರ್” ಅಂದ, ಯಾರೂ ಅವನನ್ನು ಕೇಳಿರಲಿಲ್ಲ, “ನಂಗೆ ಮಗ ಇಲ್ಲ ಸಾರ್. ಮಗಳು.” ಮೇಡಂಗೆ ಅದರ ತಲೆಬುಡ ಗೊತ್ತಾಗಲಿಲ್ಲ, ಬರೆದುಕೊಳ್ಳಲೂ ಇಲ್ಲ. ಆದರೆ ಸಾಹೇಬರು ಗುಮಾಸ್ತನನ್ನು ಈಗಷ್ಟೇ ಕಂಡವರ ಹಾಗೆ ತಿರುಗಿ ನೋಡಿದರು.

ತಿಂಗಳೊಳಗೆ ಆದೇಶ ಬಂತು. ತಪ್ಪು ಮೀಸೆಯದಲ್ಲ, ಕಾಲು ಸರಿಹೋದ ಮೇಲೆ ಅವನಿಗೆ ಏಣಿ ಇಲ್ಲದ ಕೆಲಸ. ವಾಲ್ವಕ್ಕನಿಗೆ ಒಂದು ಎಚ್ಚರಿಕೆ ಪತ್ರ. ಅದನ್ನು ಅವಳು ಮಡಿಸಿ ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದಳು, ಕಿವಿ ಹಿಂಡಿಸಿಕೊಂಡ ಲೆಕ್ಕಕ್ಕೆ. ಸಾಹೇಬರಿಗೆ ಹತ್ತಾರು ಊರಿನ ಕುರ್ಚಿ ತಪ್ಪಿತು, ಇದ್ದ ಕುರ್ಚಿಯೂ ಹೋಯಿತು. ಎಲ್ಲೋ ಉಗ್ರಾಣದಲ್ಲಿ ಪೈಪುಗಳನ್ನು ಎಣಿಸುವ ಜಾಗಕ್ಕೆ ಹಾಕಿದರು. ಒಬ್ಬ ಮನುಷ್ಯ ಊರಿಗೆಲ್ಲ ನೀರು ಕೊಟ್ಟು, ಒಂದು ಅಕ್ಷರಕ್ಕೆ ಕಾಯಲಾರದೆ ಮುಳುಗಿದ. ಪಾಪ ಅನ್ನಬೇಕೆನಿಸಿದರೆ ಅನ್ನಿ. ಮೀಸೆಯ ಮಂಚದ ಪಕ್ಕ ನಿಂತು ಅನ್ನಿ.

ಹೊರಡುವ ದಿನ ಸಾಹೇಬರು ಕಪಾಟು ಖಾಲಿ ಮಾಡುತ್ತಿದ್ದರು. ಟ್ಯಾಂಕಿನ ಬೀಗದ ಕೈ ತಲುಪಿಸಲು ಹೋದ ವಾಲ್ವಕ್ಕನನ್ನು ನೋಡಿ ಕೈಯಲ್ಲಿದ್ದ ನಕ್ಷೆಯ ಸುರುಳಿಯನ್ನು ಕೆಳಗಿಟ್ಟರು.

“ಗುಡ್ಡದ ಆಚೆಗೆ ಲೈನ್ ಎಳೆದದ್ದು ನಾನು. ಆಮೇಲೆ ಒಂದು ದಿನ ಊರು ಬಾಯಾರಿಲ್ಲ. ಒಂದು ಫೋನ್ ಮಾತಿಗೆ ಇಷ್ಟಾ?” ಅಂದರು. ದನಿಯಲ್ಲಿ ಸೋತ ಸದ್ದಿರಲಿಲ್ಲ, ಸಿಟ್ಟಿತ್ತು. “ನಾನೇನು ಬೇಕಂತ ಮಾಡಿದ್ನಾ?”

ಅವರು ಹೇಳಿದ್ದೆಲ್ಲ ನಿಜ. ಆದರೂ ಅವಳ ಕೈಗೆ ಚಕ್ರದ ಇಪ್ಪತ್ತನೇ ಸುತ್ತು ನೆನಪಿತ್ತು. ಎರಡೂ ಒಟ್ಟಿಗೆ ಅವಳ ಗಂಟಲಿಗೆ ಬಂದವು. ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

“ಸಾರ್, ನಿಮ್ಮ ಮೇಲೆ ನಂಗಿನ್ನೂ ಗೌರವ ಇ…”

“ಗೊತ್ತು” ಎಂದು ಕೈಬೀಸಿ ಅವರು ಕಪಾಟಿನ ಕಡೆ ತಿರುಗಿದರು.

ಅವಳು ಒಂದು ಗಳಿಗೆ ನಿಂತಳು. ಪೂರ್ತಿ ಮಾಡಬಹುದಿತ್ತು. ಈಗ ಅವಳ ನಾಲಿಗೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳಕ್ಕೆ ಬಂದಳು. ಅಷ್ಟರಲ್ಲಿ ಹಿಂದಿನಿಂದ ಓಡಿಬಂದ ಹೆಜ್ಜೆಯ ಸದ್ದು. ಸಾಹೇಬರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮುಖದಲ್ಲಿ ಅವಳು ಯಾವತ್ತೂ ಕಾಣದ ಒಂದು ಗಲಿಬಿಲಿ.

“ಏನಂದೆ ನೀನು?” ಅಂದರು. “ಇದೆ ಅಂದ್ಯಾ, ಇಲ್ಲ ಅಂದ್ಯಾ?”

ಹನ್ನೊಂದು ವರ್ಷದಲ್ಲಿ ಅವರು ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು. ಅವಳು ಅವರನ್ನು ನೆಟ್ಟಗೆ ನೋಡಿದಳು.

“ಗೊತ್ತು ಅಂದ್ರಲ್ಲ ಸಾರ್.”